ಕಳೆದುಹೋದ ಬೆಕ್ಕು ಕಳೆದುಹೋದಂತೆ ಕಾಣುವುದಿಲ್ಲ

ಮಾನ್ಯ ಸಂಪಾದಕರೇ,

ಹನುಮಂತನಗರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಡಿಟಿಪಿ, ಲ್ಯಾಮಿನೇಷನ್, ಸ್ಪೈರಲ್ ಬೈಂಡಿಂಗ್, ರಬ್ಬರ್ ಸ್ಟ್ಯಾಂಪು ಎಲ್ಲವೂ ಅದೇ ಹತ್ತಡಿ ಜಾಗದಲ್ಲಿ. ನಾನೀಗ ಬರೆಯುತ್ತಿರುವುದನ್ನು ಜನ ಕಿವಿಗೆ ಹಾಕಿಕೊಂಡರೆ ನನ್ನ ವ್ಯಾಪಾರದಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ‘ಬೆಕ್ಕು ಕಾಣೆಯಾಗಿದೆ’ ಎಂದು ಪೋಸ್ಟರ್ ಮಾಡಿಸಲು ಬರುವವರ ಪಾಲು. ದೀಪಾವಳಿಯ ಪಟಾಕಿ ಮುಗಿಯುತ್ತಿದ್ದಂತೆ ಇಂಥ ಗಿರಾಕಿಗಳು ಒಬ್ಬರ ಹಿಂದೊಬ್ಬರು ಬರುತ್ತಾರೆ. ಅವರಿಗೆಲ್ಲ ಕೌಂಟರಿನಾಚೆಯಿಂದ ಹೇಳುವ ಮಾತನ್ನೇ ನಿಮ್ಮ ಓದುಗರಿಗೂ ಹೇಳುತ್ತೇನೆ: ಬೆಕ್ಕು ಮನೆಯಲ್ಲಿರುವಾಗಲೇ ಅದರ ಕುತ್ತಿಗೆಗೊಂದು ಬೆಲ್ಟ್ ಹಾಕಿ, ಬೆಲ್ಟಿಗೊಂದು ಬಿಲ್ಲೆ ಸಿಕ್ಕಿಸಿ, ಬಿಲ್ಲೆಯ ಮೇಲೆ ನಿಮ್ಮ ಫೋನ್ ನಂಬರ್ ಕೆತ್ತಿಸಿ.

ಪೋಸ್ಟರ್ ಮಾಡಿಸುವವರ ಕಷ್ಟ ನಾನು ಹತ್ತಿರದಿಂದ ನೋಡಿದ್ದೇನೆ. ಬಂದವರು ಮೊಬೈಲ್ ತೆರೆದು ಫೋಟೊ ಹುಡುಕತೊಡಗುತ್ತಾರೆ. ನೂರಾರು ಇರುತ್ತವೆ. ಒಂದರಲ್ಲಿ ಬೆಕ್ಕು ಮುಖ ಮುಚ್ಚಿಕೊಂಡು ಮಲಗಿದೆ, ಇನ್ನೊಂದರಲ್ಲಿ ಮಗುವಿನ ತೋಳಿನಡಿ ಅರ್ಧ ಮರೆಯಾಗಿದೆ. ಕರಿ ಬೆಕ್ಕಾದರಂತೂ ಜೆರಾಕ್ಸಿನಲ್ಲಿ ಬರುವುದು ಎರಡು ಕಣ್ಣಿರುವ ಮಸಿ. “ಗುರುತು ಏನಂತ ಹಾಕ್ಲಿ ಮೇಡಂ?” ಎಂದರೆ, “ಕಂದು ಬಣ್ಣ, ಮೈಮೇಲೆ ಪಟ್ಟೆ, ಹಸಿರು ಕಣ್ಣು. ತುಂಬಾ ಸಾಧು ಅಂತಾನೂ ಹಾಕಿ ಅಣ್ಣ.” ಇಲ್ಲಿಂದ ಶ್ರೀನಗರದ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಿ, ಕಾಂಪೌಂಡ್ ಗೋಡೆಗಳ ಮೇಲೆ ಕೂತಿರುವ ಬೆಕ್ಕುಗಳಲ್ಲಿ ಅರ್ಧಕ್ಕರ್ಧ ಹಾಗೇ ಇವೆ. ಪರ್ಷಿಯನ್ ಬೆಕ್ಕು ತಪ್ಪಿಸಿಕೊಂಡರೆ ಕಂಡವರು ‘ಇದು ಯಾರೋ ಸಾಕಿದ್ದು’ ಎಂದು ನಿಂತು ನೋಡುತ್ತಾರೆ. ನಾಟಿ ಬೆಕ್ಕಿಗೆ ಆ ಭಾಗ್ಯವಿಲ್ಲ. ಸೋಫಾದ ಮೇಲೆ ಬೆಳೆದಿರಲಿ, ಮೋರಿಯ ಪಕ್ಕ ಬೆಳೆದಿರಲಿ, ನೋಡಲು ಎರಡೂ ಒಂದೇ.

ಅಂಟಿಸಿದ ಮೇಲಿನ ಪಾಡು ಬೇರೆ. ಇಂಕ್‌ಜೆಟ್‌ನಲ್ಲಿ ತೆಗೆದ ಕಲರ್ ಪ್ರಿಂಟು ಒಂದು ಮಳೆಗೆ ಕರಗಿ ಇಳಿದುಹೋಗುತ್ತದೆ. ಲೇಸರ್ ಪ್ರಿಂಟಿನ ಟೋನರ್ ನೀರಿಗೆ ಜಗ್ಗುವುದಿಲ್ಲ, ಆದರೆ ಕಾಗದ ಜಗ್ಗುತ್ತದೆ. ಎರಡು ದಿನ ಕಳೆಯುವುದರೊಳಗೆ ಅದರ ಮೇಲೆ ಪಿಜಿಯ ಜಾಹೀರಾತು, ಅದರ ಮೇಲೆ ‘ಮನೆಯಲ್ಲೇ ಕೂತು ಸಂಪಾದಿಸಿ’. ಅಂದಹಾಗೆ, ಕಂಡ ಕಂಡ ಕಂಬಕ್ಕೆ, ಗೋಡೆಗೆ ಹೀಗೆ ಅಂಟಿಸುವುದೇ ಕಾನೂನಿಗೆ ವಿರುದ್ಧ. ಸಾರ್ವಜನಿಕ ಸ್ಥಳಗಳನ್ನು ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1981ರಿಂದಲೂ ಇದೆ. ಪೌರಕಾರ್ಮಿಕರು ಕಿತ್ತುಹಾಕಿದರೆ ಅವರನ್ನು ಬೈಯುವಂತಿಲ್ಲ.

ನನ್ನ ಅಂಗಡಿಯ ಗೋಡೆಯ ಮೇಲೆಯೇ ನಡೆದ ಸಂಗತಿಯೊಂದನ್ನು ಹೇಳಬೇಕು. ಹತ್ತಿರದ ಶಾಲೆಯ ಟೀಚರೊಬ್ಬರ ಕೇಸರಿ ಬಣ್ಣದ ಗಂಡು ಬೆಕ್ಕು ಕಾಣೆಯಾಯಿತು. ಮನೆಗೆ ಪೇಂಟ್ ಮಾಡಲು ಬಂದವರು ಬಾಗಿಲು ತೆರೆದಿಟ್ಟಿದ್ದರಂತೆ. ಹೆಚ್ಚು ಪ್ರತಿ ಬೇಕಿತ್ತು, ಹಾಗಾಗಿ ಕಪ್ಪು-ಬಿಳುಪಿನಲ್ಲಿ ಮಾಡಿಸಿಕೊಂಡರು. ಒಂದನ್ನು ಕೌಂಟರಿನ ಪಕ್ಕ ಅಂಟಿಸಿಕೊಂಡೆ. ಅದೇ ಸಮಯಕ್ಕೆ ಎರಡು ಅಡ್ಡರಸ್ತೆ ಆಚೆಯ ಅಜ್ಜಿಯೊಬ್ಬರು ಪೆನ್ಷನ್ ಕಾಗದಗಳ ಪ್ರತಿ ತೆಗೆಸಲು ಬಂದರು. ನವೆಂಬರ್ ತಿಂಗಳು, ಪಿಂಚಣಿದಾರರೆಲ್ಲ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡುವ ಕಾಲ. ಪೋಸ್ಟರಿನ ಎದುರಿಗೇ ನಿಂತು ಅಜ್ಜಿ ಹೇಳಿದರು: “ಒಂದು ಬೀದಿ ಬೆಕ್ಕು ಬಂದು ಸೇರ್ಕೊಂಡಿದೆ ಕಣಪ್ಪಾ. ಹಾಲನ್ನ ಹಾಕಿದ್ರೆ ಮೂಸಿ ನೋಡಿ ಮುಖ ತಿರುಗಿಸ್ತದೆ. ಏನು ಗತ್ತು ಅಂತೀಯ!” ಪೋಸ್ಟರಿನ ಬೆಕ್ಕು ಬೂದು, ಅಜ್ಜಿಯ ಬೆಕ್ಕು ಕೇಸರಿ. ಅಂಗಡಿಯಲ್ಲಿದ್ದವರೆಲ್ಲ ನಕ್ಕು ಸುಮ್ಮನಾದರು.

ಸಂಕ್ರಾಂತಿ ಕಳೆದ ಮೇಲೆ ಅಜ್ಜಿಯ ಮೊಮ್ಮಗ ಪ್ರಾಜೆಕ್ಟ್ ಬೈಂಡಿಂಗಿಗೆ ಬಂದವನು ಫೋನಿನಲ್ಲಿ ಬೆಕ್ಕಿನ ಫೋಟೊ ತೋರಿಸಿದ. ಬಾಲದ ತುದಿ ಸೊಟ್ಟಗಿತ್ತು. ಟೀಚರ್ ಬರೆಸಿದ್ದ ಗುರುತುಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಹೇಳಿಕಳಿಸಿದೆ, ಟೀಚರ್ ಓಡಿದರು, ಬೆಕ್ಕು ಅದೇ. ಆದರೆ ಆಮೇಲೆ ಆದದ್ದು ನೋಡಿ: ಅಷ್ಟು ದಿನ ಅದಕ್ಕೆ ಊಟ ಹಾಕಿ, ಚಳಿಯಲ್ಲಿ ಹಳೇ ಸ್ವೆಟರ್ ಹಾಸಿ ಮಲಗಿಸಿದ್ದ ಅಜ್ಜಿ ಕದ್ದು ಸಿಕ್ಕಿಬಿದ್ದವರ ಥರ ತಲೆ ತಗ್ಗಿಸಿ ನಿಂತಿದ್ದರಂತೆ. “ಕತ್ತಲ್ಲಿ ಒಂದು ನಂಬರ್ ಇದ್ದಿದ್ರೆ ಅವತ್ತೇ ಫೋನ್ ಮಾಡಿಸ್ತಿದ್ದೆನಲ್ಲಮ್ಮ” ಎಂದರಂತೆ. ಟೀಚರಿಗೆ ಕೋಪ ಮಾಡಿಕೊಳ್ಳಲೂ ಆಗಲಿಲ್ಲ, ಸುಮ್ಮನಿರಲೂ ಆಗಲಿಲ್ಲ.

ಇದರಲ್ಲಿ ತಪ್ಪು ಯಾರದು ಎಂದು ಹುಡುಕುವುದು ದಂಡ. ನಾಯಿ ತಪ್ಪಿಸಿಕೊಂಡರೆ ಅದು ತಪ್ಪಿಸಿಕೊಂಡಿದೆ ಎಂದು ನೋಡಿದವರಿಗೇ ತಿಳಿಯುತ್ತದೆ. ರಸ್ತೆಯುದ್ದಕ್ಕೂ ಓಡಾಡುತ್ತದೆ, ಹೋಗಿ ಬರುವವರ ಮುಖ ನೋಡುತ್ತದೆ, ಬೀದಿನಾಯಿಗಳು ಸುತ್ತುವರಿದು ಊರಿಗೆಲ್ಲ ಸಾರುತ್ತವೆ. ಬೆಕ್ಕು ಹಾಗಲ್ಲ. ಗೋಡೆ ಹಾರಿ ಯಾರದೋ ಸಜ್ಜಾದ ಮೇಲೆ ಕೂತುಬಿಟ್ಟರೆ ಹುಟ್ಟಿದ್ದೇ ಅಲ್ಲಿ ಎನ್ನುವಂತಿರುತ್ತದೆ. ನಮ್ಮ ಬೆಂಗಳೂರಿನವರು ಕರುಣೆಯಿಲ್ಲದವರಲ್ಲ, ತಟ್ಟೆ ತಂದಿಡುತ್ತಾರೆ. ಎರಡು ಹೊತ್ತು ತಟ್ಟೆ ಸಿಕ್ಕ ಮೇಲೆ ಬೆಕ್ಕು ಅಲ್ಲೇ ಉಳಿಯುತ್ತದೆ, ಮನೆಯವರು ಪಕ್ಕದ ಬೀದಿಯಲ್ಲೇ ಪೋಸ್ಟರ್ ಅಂಟಿಸುತ್ತಿರುತ್ತಾರೆ. ಕುತ್ತಿಗೆಯಲ್ಲಿ ಬೆಲ್ಟ್ ಇದ್ದರೆ ತಟ್ಟೆ ತಂದವರೇ ಒಂದು ಫೋನ್ ಮಾಡಿರುತ್ತಿದ್ದರು.

ಅಚ್ಚು ಹಾಕಲು ಬಂದ ಕಾಗದವನ್ನು ಓದುವ ಚಾಳಿ ನನಗುಂಟು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಓದುವ ಹುಡುಗಿಯೊಬ್ಬಳು ನಮ್ಮ ಏರಿಯಾದವಳೇ, ಸೆಮಿನಾರಿಗೆ ಬೇಕಾದ ಲೇಖನಗಳನ್ನು ನನ್ನಲ್ಲೇ ಪ್ರಿಂಟ್ ತೆಗೆಸುತ್ತಾಳೆ. ಅವುಗಳಲ್ಲಿ ಒಂದು 2018ರದ್ದು. ಕಾಣೆಯಾದ 1,210 ಬೆಕ್ಕುಗಳ ಮಾಲೀಕರನ್ನು ಕೇಳಿ ಬರೆದದ್ದು. ಸಿಕ್ಕ ಬೆಕ್ಕುಗಳಲ್ಲಿ ಮುಕ್ಕಾಲು ಪಾಲು ಸಿಕ್ಕಿದ್ದು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ. ಅಂದರೆ ನಮ್ಮ ಅಂಗಡಿಯಿಂದ ರಾಮಾಂಜನೇಯ ಗುಡ್ಡದ ಸುತ್ತಮುತ್ತ, ಅಷ್ಟೇ. ಬೆಕ್ಕು ದೂರ ಹೋಗಿರುವುದಿಲ್ಲ. ಅದನ್ನು ನೋಡುತ್ತಿರುವವರಿಗೆ ನಿಮ್ಮ ವಿಷಯ ಗೊತ್ತಿರುವುದಿಲ್ಲ.

ದೂರ ಹೋಗುವುದೂ ಉಂಟು, ಆದರೆ ಕಾಲ್ನಡಿಗೆಯಲ್ಲಲ್ಲ. ಡಿಸೆಂಬರಿನ ಚಳಿಗೆ ಬೆಕ್ಕುಗಳು ಆಗತಾನೇ ನಿಲ್ಲಿಸಿದ ಕಾರಿನ ಬಾನೆಟ್ಟಿನೊಳಗೆ ಬಿಸಿ ಹುಡುಕಿಕೊಂಡು ಸೇರುತ್ತವೆ. ಬೆಳಿಗ್ಗೆ ಕ್ಯಾಬ್ ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದಾಗ ಬದುಕಿ ಉಳಿದರೆ, ಹನುಮಂತನಗರದ ಬೆಕ್ಕು ಇಳಿಯುವುದು ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಆಗ ಇಲ್ಲಿ ಅಂಟಿಸಿದ ಪೋಸ್ಟರ್ ಯಾರ ಕಣ್ಣಿಗೆ ಬೀಳಬೇಕು? ಬಿಲ್ಲೆಯಾದರೆ ಬೆಕ್ಕಿನ ಜೊತೆಗೇ ಹೋಗಿರುತ್ತದೆ.

“ನಮ್ದು ಮನೆ ಬಿಟ್ಟು ಹೊರಗೇ ಹೋಗಲ್ಲ ಅಣ್ಣ, ಬೆಲ್ಟ್ ಯಾಕೆ?” ಎನ್ನುವವರು ಬಹಳ. ಪೋಸ್ಟರ್ ಮಾಡಿಸಲು ಬಂದವರಲ್ಲಿ ಹೆಚ್ಚಿನವರ ಮೊದಲ ಮಾತೂ ಇದೇ: “ಅದು ಹೊರಗೇ ಹೋಗ್ತಿರ್ಲಿಲ್ಲ.” ಸಿಲಿಂಡರ್ ತಂದವರು ಬಾಗಿಲು ದೂಡಿದಾಗ, ಬಾಲ್ಕನಿಯ ಬಲೆಯ ಮೂಲೆ ಸಡಿಲವಾದಾಗ, ಮನೆ ಬದಲಿಸುವ ದಿನ ಪ್ಯಾಕರ್ಸ್‌ನವರ ಗಲಾಟೆಗೆ, ಗಣೇಶನ ಮೆರವಣಿಗೆಯ ತಮಟೆಗೆ, ಇಂಥ ಒಂದು ಗಳಿಗೆ ಸಾಕು. ಹೊರಗಿನ ದಾರಿ ಗೊತ್ತಿರುವ ಬೆಕ್ಕು ತಾನಾಗಿ ಹಿಂದಿರುಗಬಹುದು. ಹೊರಗನ್ನೇ ನೋಡದ ಬೆಕ್ಕು ಹೆದರಿ ಪಕ್ಕದ ಮನೆಯ ನೀರಿನ ಟ್ಯಾಂಕಿನ ಸಂದಿಯಲ್ಲಿ ಉಸಿರು ಬಿಗಿಹಿಡಿದು ಕೂರುತ್ತದೆ, ನೀವು ಹೆಸರು ಹಿಡಿದು ಕೂಗಿದರೂ ಮಿಯಾಂವ್ ಎನ್ನುವುದಿಲ್ಲ. ಬೆಲ್ಟ್ ಹೆಚ್ಚು ಬೇಕಿರುವುದು ಒಳಗೇ ಇರುವ ಬೆಕ್ಕಿಗೆ.

ಇನ್ನೊಂದು ಭಯಕ್ಕೆ ನಾನು ತಲೆಬಾಗುತ್ತೇನೆ, ಏಕೆಂದರೆ ಅದರಲ್ಲಿ ಅರ್ಥವಿದೆ. ಬೆಕ್ಕು ಗ್ರಿಲ್ಲಿನಲ್ಲಿ ನುಸುಳುವ, ಮರ ಹತ್ತುವ ಪ್ರಾಣಿ. ಬೆಲ್ಟ್ ಎಲ್ಲಾದರೂ ಸಿಕ್ಕಿಕೊಂಡು ಉರುಲಾದರೆ? ಇದಕ್ಕೆಂದೇ ಬೇರೆ ಥರದ ಬೆಲ್ಟ್ ಬರುತ್ತದೆ. ಅಂಗಡಿಯಲ್ಲಿ ‘ಬ್ರೇಕ್‌ಅವೇ’ ಎಂದು ಕೇಳಬೇಕು. ಜೋರಾಗಿ ಎಳೆತ ಬಿದ್ದರೆ ಅದರ ಕ್ಲಿಪ್ ತಾನಾಗಿ ಬಿಚ್ಚಿಕೊಳ್ಳುತ್ತದೆ. ಕೊಳ್ಳುವ ಮುನ್ನ ಎರಡೂ ಕೈಯಲ್ಲಿ ಹಿಡಿದು ಎಳೆದು ನೋಡಿ, ಬಿಚ್ಚದಿದ್ದರೆ ಅಲ್ಲೇ ಬಿಟ್ಟು ಬನ್ನಿ. ನಾಯಿಮರಿಯ ಬೆಲ್ಟನ್ನು ಚಿಕ್ಕದು ಎಂಬ ಒಂದೇ ಕಾರಣಕ್ಕೆ ಬೆಕ್ಕಿಗೆ ಹಾಕುವವರಿದ್ದಾರೆ, ಅದು ಬಿಚ್ಚಿಕೊಳ್ಳುವುದಿಲ್ಲ. ಹಿಗ್ಗುವ ಎಲಾಸ್ಟಿಕ್ ಬೆಲ್ಟೂ ಒಳ್ಳೆಯದಲ್ಲ, ಬೆಕ್ಕು ಅದರೊಳಗೆ ಮುಂಗಾಲು ತೂರಿಸಿಕೊಂಡರೆ ಕಂಕುಳು ಕೊರೆದು ಗಾಯವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ದೃಷ್ಟಿಯಾಗದಿರಲೆಂದು ಕಟ್ಟುವ ಕರಿದಾರ ಮತ್ತು ಮಕ್ಕಳು ಪ್ರೀತಿಗೆ ಹಾಕುವ ರಬ್ಬರ್ ಬ್ಯಾಂಡ್. ಬೆಕ್ಕು ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಕೂದಲಿನೊಳಗೆ ಮುಚ್ಚಿಹೋಗಿ ಚರ್ಮಕ್ಕೆ ಇಳಿಯುವವರೆಗೆ ಯಾರಿಗೂ ಕಾಣುವುದಿಲ್ಲ. ದಯವಿಟ್ಟು ಈಗಲೇ ಹೋಗಿ ಕತ್ತರಿಸಿ ಹಾಕಿ.

ಬೆಲ್ಟಿನ ಅಡಿ ಎರಡು ಬೆರಳು ಹೋಗುವಷ್ಟು ಸಡಿಲ ಇರಬೇಕು, ಹೆಚ್ಚೂ ಬೇಡ ಕಡಿಮೆಯೂ ಬೇಡ. ಮರಿಯಾದರೆ ವಾರಕ್ಕೊಮ್ಮೆ ನೋಡಿ ಸಡಿಲಿಸಬೇಕು. ಮೊದಲ ಒಂದೆರಡು ದಿನ ಕೆರೆದುಕೊಳ್ಳುತ್ತದೆ, ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ, ಪ್ರಾಣ ಹೋದಂತೆ ಬಿದ್ದುಕೊಳ್ಳುತ್ತದೆ. ಊಟದ ಹೊತ್ತಿಗೆ ಸರಿಯಾಗಿ ಹಾಕಿದರೆ ನಾಟಕ ಬೇಗ ಮುಗಿಯುತ್ತದೆ. ಪಶುವೈದ್ಯಕೀಯ ಓದುವ ಆ ಹುಡುಗಿಯ ಕಾಗದಗಳಲ್ಲಿ ಇದಕ್ಕೂ ಲೆಕ್ಕವಿತ್ತು. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರ ಮುಂದಾಳತ್ವದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನ. 538 ಬೆಕ್ಕುಗಳಿಗೆ 6 ತಿಂಗಳ ಮಟ್ಟಿಗೆ ಬೆಲ್ಟ್ ಹಾಕಿ ನೋಡಿದರು. 391 ಬೆಕ್ಕುಗಳು ಕೊನೆಯವರೆಗೂ ಹಾಕಿಕೊಂಡೇ ಇದ್ದವು. ಬೆಲ್ಟ್ ಯಾವುದಕ್ಕಾದರೂ ಸಿಕ್ಕಿಕೊಂಡದ್ದು, ಕಾಲೋ ಬಾಯೋ ಅದರೊಳಗೆ ಸಿಲುಕಿದ್ದು ಎಲ್ಲ ಸೇರಿ 18. ಅಪಾಯ ಸೊನ್ನೆ ಎಂದು ನಾನು ಹೇಳುವುದಿಲ್ಲ. ಕಾಣೆಯಾದ ಬೆಕ್ಕುಗಳ ಪೋಸ್ಟರ್ ಹಾಕಿ ಹಾಕಿ, ಅದು ಚಿಕ್ಕ ಅಪಾಯ ಎಂದು ನನಗನ್ನಿಸಿದೆ.

ಗಂಟೆ? ಬೆಲ್ಟ್ ಎಂದೊಡನೆ ‘ಬೆಕ್ಕಿಗೆ ಗಂಟೆ ಕಟ್ಟುವವರು ಯಾರು’ ಎಂದು ಒಬ್ಬರಾದರೂ ನಗುತ್ತಾರೆ, ಹಾಗಾಗಿ ಅದನ್ನೂ ಮುಗಿಸಿಬಿಡುತ್ತೇನೆ. ಬ್ರಿಟನ್ನಿನಲ್ಲಿ ನಡೆದ 2005ರ ಅಧ್ಯಯನವೊಂದರಲ್ಲಿ ಗಂಟೆ ಕಟ್ಟಿದ ಬೆಕ್ಕುಗಳು ಮನೆಗೆ ಹಿಡಿದು ತಂದ ಹಕ್ಕಿಗಳು ಶೇಕಡ 41ರಷ್ಟು ಕಡಿಮೆಯಾಗಿದ್ದವು. ಬ್ಯೂಗಲ್ ರಾಕ್ ಪಾರ್ಕಿನ ಪಕ್ಕದ ಮನೆಯವರು ಅಳಿಲು, ಸೂರಕ್ಕಿಗಳ ಮುಖ ನೋಡಿಯಾದರೂ ಕಟ್ಟಲಿ. ಆದರೆ ಗಂಟೆಯಿಂದ ಬೆಕ್ಕು ಮನೆಗೆ ಬರುವುದಿಲ್ಲ, ನಂಬರಿನಿಂದ ಬರುತ್ತದೆ.

“ಚಿಪ್ ಹಾಕ್ಸಿದೀವಿ, ಸಾಕು” ಎನ್ನುವವರು ಈಗ ಬರತೊಡಗಿದ್ದಾರೆ. ಒಳ್ಳೆಯದೇ. ಅಕ್ಕಿ ಕಾಳಿನಷ್ಟಿರುವ ಮೈಕ್ರೋಚಿಪ್ ಚರ್ಮದಡಿ ಕೂತಿರುತ್ತದೆ, ಬೆಲ್ಟಿನಂತೆ ಕಳಚಿ ಬೀಳುವುದಿಲ್ಲ. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ 20 ವಾರ ತುಂಬುವುದರೊಳಗೆ ಪ್ರತಿ ಸಾಕು ಬೆಕ್ಕಿಗೂ ಅದು ಕಡ್ಡಾಯ. ಆದರೆ ಚಿಪ್ಪು ಜಿಪಿಎಸ್ ಅಲ್ಲ, ಬೆಕ್ಕು ಎಲ್ಲಿದೆಯೆಂದು ಹೇಳುವುದಿಲ್ಲ. ಸ್ಕ್ಯಾನರ್ ಹಿಡಿದರೆ 15 ಅಂಕಿಯ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆಯನ್ನು ನಿಮ್ಮ ಹೆಸರಿಗೆ ನೋಂದಾಯಿಸಿದ್ದರೆ, ಫೋನ್ ಬದಲಾದಾಗ ಅಲ್ಲೂ ಬದಲಿಸಿದ್ದರೆ ಮಾತ್ರ ಪ್ರಯೋಜನ. ಎದುರು ಮನೆಯ ಅಜ್ಜಿಯ ಬಳಿ ಸ್ಕ್ಯಾನರ್ ಇರುವುದಿಲ್ಲ. ಬೀದಿ ಬೆಕ್ಕು ಎಂದುಕೊಂಡದ್ದನ್ನು ಸ್ಕ್ಯಾನ್ ಮಾಡಿಸಲು ಯಾರೂ ಆಟೋ ಮಾಡಿಕೊಂಡು ಡಾಕ್ಟರ ಹತ್ತಿರ ಹೋಗುವುದಿಲ್ಲ. ಚಿಪ್ಪೂ ಇರಲಿ, ಬೆಲ್ಟೂ ಇರಲಿ. ಬೆಲ್ಟ್ ಬಿಚ್ಚಿ ಬಿದ್ದ ದಿನ ಚಿಪ್ಪು, ಉಳಿದ ದಿನ ಬೆಲ್ಟು.

ಬಿಲ್ಲೆಯ ಮೇಲೆ ಏನು ಬರೆಸಬೇಕು ಎಂಬುದರಲ್ಲಿ ನನ್ನ ಕಸುಬಿನ ಅನುಭವ ಸ್ವಲ್ಪ ಕೆಲಸಕ್ಕೆ ಬರುತ್ತದೆ. ಜನರಿಗೆ ಬೆಕ್ಕಿನ ಹೆಸರು ದೊಡ್ಡದಾಗಿ ಬೇಕು, ಅದರ ಪಕ್ಕ ಒಂದು ಹಾರ್ಟ್. ಎರಡು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಹೆಸರಿಗೇ ಅರ್ಧ ಹೋದರೆ ನಂಬರ್ ಇರುವೆ ಸಾಲಾಗುತ್ತದೆ, ಕನ್ನಡಕ ಹಾಕಿಕೊಂಡರೂ ಓದಲಾಗುವುದಿಲ್ಲ. ಒಂದು ಬದಿಗೆ ನಿಮ್ಮ ನಂಬರ್, ಇನ್ನೊಂದು ಬದಿಗೆ ಅದೇ ಊರಿನಲ್ಲಿರುವ ಇನ್ನೊಬ್ಬರ ನಂಬರ್. ದಸರಾಗೆ ನೀವು ಊರಿಗೆ ಹೋದಾಗಲೇ ಬೆಕ್ಕು ತಪ್ಪಿಸಿಕೊಳ್ಳುವುದು. ಜಾಗ ಉಳಿದರೆ ‘ಆಪರೇಷನ್ ಆಗಿದೆ’ ಎಂದು ಸೇರಿಸಿ, ಸಂತಾನಹರಣಕ್ಕೆಂದು ಹಿಡಿಯುವವರ ಕೈಗೆ ಸಿಕ್ಕರೂ ಮತ್ತೆ ಹೊಟ್ಟೆ ಕೊಯ್ಯುವ ಮುನ್ನ ಯೋಚಿಸುತ್ತಾರೆ. ದಿನಾ ಮಾತ್ರೆ ತಿನ್ನುವ ಬೆಕ್ಕಾದರೆ ಅದನ್ನೂ. ಕ್ಯೂಆರ್ ಕೋಡಿನ ಬಿಲ್ಲೆ ನೋಡಲು ಚಂದ, ಆದರೆ ರಾತ್ರಿ ಎಂಟಕ್ಕೆ ಕಾಂಪೌಂಡಿನ ಮೇಲೆ ಕೂತ ಬೆಕ್ಕಿನ ಕತ್ತಿಗೆ ಕ್ಯಾಮೆರಾ ಹಿಡಿದು ನೋಡಿ ಗೊತ್ತಾಗುತ್ತದೆ.

ತನ್ನ ನಂಬರ್ ಬೀದಿ ಸುತ್ತುವುದು ಬೇಡ ಎನ್ನುವ ಹೆಣ್ಣುಮಕ್ಕಳ ಆತಂಕ ನ್ಯಾಯವಾದದ್ದೇ. ಒಂಟಿಯಾಗಿ ರೂಮು ಮಾಡಿಕೊಂಡಿರುವ ಹುಡುಗಿಯೊಬ್ಬಳು ನನ್ನನ್ನು ಕೇಳಿಯೇ ಅಂಗಡಿಯ ನಂಬರ್ ಕೆತ್ತಿಸಿಕೊಂಡಳು. ಅವಳ ಬೆಕ್ಕು ಮಹಾ ಸುತ್ತಾಡಿ. “ಸಾರ್, ನಿಮ್ ಬೆಕ್ಕು ನಮ್ ಟೆರೇಸ್ ಮೇಲೆ ಸಂಡಿಗೆ ತುಳೀತಿದೆ” ಎಂದು ನನಗೆ ಬೈಗುಳ ಬರುತ್ತದೆ. ಬೈಸಿಕೊಂಡು ಅವಳಿಗೆ ದಾಟಿಸುತ್ತೇನೆ. ಸಂಡಿಗೆಯ ದುಡ್ಡು ಅವಳೇ ಕೊಡುತ್ತಾಳೆ.

ಬೆಕ್ಕು ಸಾಕದವರಿಗೂ ಇದರಿಂದ ಉಪಕಾರವಿದೆ. ಆಟವಾಡುವ ಮಗುವನ್ನು ಬೆಕ್ಕು ಪರಚಿದರೆ ತಾಯಿಗೆ ಬರುವ ಮೊದಲ ಪ್ರಶ್ನೆ, ಇದಕ್ಕೆ ರೇಬಿಸ್ ಇಂಜೆಕ್ಷನ್ ಆಗಿದೆಯೇ ಎಂಬುದು. ಬಿಲ್ಲೆ ಇದ್ದರೆ ಕೇಳಲು ಒಬ್ಬರಾದರೂ ಇರುತ್ತಾರೆ, ಬೆಕ್ಕಿನ ಮೇಲೆ ಕಣ್ಣಿಡಲೂ ಆಗುತ್ತದೆ. ಹಾಗೆಂದು ಬಿಲ್ಲೆ ನೋಡಿ ಸುಮ್ಮನಾಗಬಾರದು. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಡಾಕ್ಟರಿಗೆ ತೋರಿಸಿ ಅವರು ಹೇಳಿದಂತೆ ಮಾಡಬೇಕು. ಅಪಾರ್ಟ್‌ಮೆಂಟಿನವರಿಗೂ ಒಂದು ಮಾತು. ಬೇಸ್‌ಮೆಂಟಿನ ಬೆಕ್ಕುಗಳನ್ನು ಗೋಣಿಚೀಲಕ್ಕೆ ತುಂಬಿ ಮಾರ್ಕೆಟ್ಟಿನ ಹತ್ತಿರ ಬಿಟ್ಟುಬರುವಂತೆ ಸೆಕ್ಯೂರಿಟಿಯವರಿಗೆ ಹೇಳುವ ಸಂಘಗಳಿವೆ. ಅದು ಯಾವ ಬೆಕ್ಕಿಗೂ ಮಾಡಬಾರದ ಕೆಲಸ. ಅದು ನಿಲ್ಲುವವರೆಗೆ, ಮೂರನೇ ಮಹಡಿಯವರ ಬೆಕ್ಕು ಅದೇ ಚೀಲದೊಳಗೆ ಹೋಗದಿರಬೇಕಾದರೆ ಬೆಲ್ಟ್ ಬಿಟ್ಟು ಬೇರೆ ಗುರುತಿಲ್ಲ.

ಹೇಳಲು ಮನಸ್ಸಿಲ್ಲದ ಒಂದು ವಿಷಯವೂ ಇದೆ. ಬೆಳಿಗ್ಗೆ ಅಂಗಡಿಯ ಮುಂದೆ ಕಸ ಗುಡಿಸುವ ಅಕ್ಕ ಹೇಳುತ್ತಿದ್ದರು, ರಾತ್ರಿ ಗಾಡಿಗೆ ಸಿಕ್ಕ ಬೆಕ್ಕುಗಳನ್ನು ಎತ್ತುವುದು ಅವರ ಪಾಲಿಗೇ ಬರುತ್ತದೆಂದು. “ಕತ್ತಲ್ಲಿ ನಂಬರ್ ಇದ್ರೆ ಒಂದ್ ಫೋನ್ ಹಾಕ್ತೀನಿ ಸಾರ್. ಇಲ್ದಿದ್ರೆ ಯಾರ್ದು ಅಂತ ಹುಡ್ಕೋದು?” ಆ ಮನೆಯವರು ಎಷ್ಟೋ ತಿಂಗಳು ಹುಡುಕುತ್ತಲೇ ಇರುತ್ತಾರೆ. ನನ್ನಲ್ಲಿಗೆ ಎರಡನೇ ಸಲ ಪೋಸ್ಟರಿಗೆ ಬಂದವರ ಮುಖ ನೋಡಿದಾಗ ಇದು ನೆನಪಾಗುತ್ತದೆ. ಬಾಯಿಬಿಡುವುದಿಲ್ಲ.

ನಮ್ಮ ನಗರ ಈಗ ಐದು ಪಾಲಿಕೆಗಳಾಗಿದೆ. ಬೆಕ್ಕಿಗೂ ಲೈಸೆನ್ಸ್ ಮಾಡಿ ಎಂದು ನಾನು ಕೇಳುತ್ತಿಲ್ಲ. ಅರ್ಜಿ ಫಾರಂ ಜೆರಾಕ್ಸಿನಿಂದ ನನಗೆ ನಾಲ್ಕು ಕಾಸು ಬಂದೀತು, ಸಾಕುವವರು ಸಾಕುವುದನ್ನೇ ಬಿಟ್ಟಾರು. ಕೇಳುವುದು ಇಷ್ಟೇ. ಸೆಪ್ಟೆಂಬರ್ 28ರ ವಿಶ್ವ ರೇಬಿಸ್ ದಿನದ ಹೊತ್ತಿಗೆ ಉಚಿತ ಲಸಿಕೆ ಶಿಬಿರ ಮಾಡುವ ಪಾಲಿಕೆಯವರು, ಪಶುಪಾಲನಾ ಇಲಾಖೆಯವರು ಲಸಿಕೆಯ ಜೊತೆಗೇ ಬಿಚ್ಚಿಕೊಳ್ಳುವ ಬೆಲ್ಟೊಂದನ್ನು ಬೆಕ್ಕಿಗೆ ಹಾಕಿ ಕಳಿಸಲಿ. ಬೆಲೆ ದೊಡ್ಡದಲ್ಲ. ಅಂಗಡಿಯಲ್ಲಿ ಬೆಲ್ಟೂ ಬಿಲ್ಲೆಯೂ ಸೇರಿ ಐವತ್ತು ಕಲರ್ ಪೋಸ್ಟರಿಗೆ ನಾನು ತೆಗೆದುಕೊಳ್ಳುವುದಕ್ಕಿಂತ ಕಡಿಮೆಗೆ ಬರುತ್ತದೆ.

ಇದನ್ನು ಓದಿ ಬಿಲ್ಲೆ ಕೆತ್ತಿಸಲು ನನ್ನ ಅಂಗಡಿಗೆ ಬರುವವರಿಗೆ: ಲೋಹದ ಮೇಲೆ ಕೆತ್ತುವ ಮೆಷಿನ್ ನನ್ನಲ್ಲಿಲ್ಲ. ಟ್ರೋಫಿ, ನೇಮ್‌ಪ್ಲೇಟ್ ಮಾಡುವವರಲ್ಲಿ ಕೇಳಿ. ಅದು ಆಗುವವರೆಗೆ ಬಟ್ಟೆಯ ಬೆಲ್ಟಿನ ಮೇಲೆಯೇ ಅಳಿಸದ ಮಾರ್ಕರ್ ಪೆನ್ನಿನಲ್ಲಿ ನಂಬರ್ ಬರೆದುಬಿಡಿ, ಮಸುಕಾದಾಗ ಮತ್ತೆ ತಿದ್ದಿ. ಆ ಪೆನ್ನು ಕೌಂಟರಿನ ಮೇಲೆ ದಾರ ಕಟ್ಟಿ ಇಟ್ಟಿದ್ದೇನೆ. ಅದಕ್ಕೆ ದುಡ್ಡಿಲ್ಲ.

ಇಂತಿ,
ಜೆರಾಕ್ಸ್ ಅಂಗಡಿಯವನು,
ಹನುಮಂತನಗರ, ಬೆಂಗಳೂರು